ಚಹಾ ಕುಡಿದವರ ಪಟ್ಟಿ: ಪುಣೆಯ ಸ್ವಯಂಸೇವಕ ಬಳಗಗಳು ಕಿರುಕುಳವನ್ನು ಎದುರಿಸಿದ ಬಗೆ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಕಂಪನಿ ಬಸ್ಸಲ್ಲಿ ಕೂತು ಓದ್ಕೋತೀವಿ ಅನ್ನೋರಿಗೆ ಎಂದಿನಂತೆ ಈ ವಾರದ ಮಾತಿನ ಬರಹರೂಪ. ಮಾತಾಡುವಾಗ ಹಿಂದುಮುಂದಾಗಿದ್ದನ್ನು ಇಲ್ಲಿ ಸ್ವಲ್ಪ ಸರಿಪಡಿಸಿದ್ದೇನೆ.

ಈ ವಿಷಯ ತಲೆಗೆ ಹೊಕ್ಕಿದ್ದು ಒಂದು ಫೋನ್ ಕರೆಯಿಂದ. ಗದಗ ಕಡೆಯ ಹುಡುಗ, ಹಿಂಜವಡಿಯಲ್ಲಿ ಟೆಸ್ಟಿಂಗ್ ಕೆಲಸ. ರಾತ್ರಿ ಊಟ ಆದ ಮೇಲೆ ಒಂದು ತಾಸು ವಿಕಿಪೀಡಿಯಾದಲ್ಲಿ ಬರೆಯೋದು ಅವನ ಹವ್ಯಾಸ. ಕೆಲವರು ಕ್ರಿಕೆಟ್ ನೋಡ್ತಾರಲ್ಲ, ಹಾಗೆ. 2025ರ ಫೆಬ್ರವರಿಯಲ್ಲಿ 'ಛಾವಾ' ಸಿನಿಮಾ ಬಂತು. ಸಂಭಾಜಿ ಮಹಾರಾಜರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯಾದಲ್ಲಿರುವ ಕೆಲವು ಮಾತು ಆಕ್ಷೇಪಾರ್ಹ ಎಂಬ ಗಲಾಟೆ ಎದ್ದಿತು. ಮಹಾರಾಷ್ಟ್ರ ಸೈಬರ್ ಪೊಲೀಸರು ಅದನ್ನು ತೆಗೆಯಿರಿ ಎಂದು ನೋಟಿಸ್ ಕಳಿಸಿದರು, ಆಮೇಲೆ ಕೆಲವು ಸಂಪಾದಕರ ಮೇಲೆ ಪ್ರಕರಣವನ್ನೂ ದಾಖಲಿಸಿದರು. ನಮ್ಮ ಹುಡುಗ ಆ ಪುಟ ಮುಟ್ಟಿದವನೇ ಅಲ್ಲ. ಹಿಂದೆ ಯಾವುದೋ ಕೋಟೆಯ ಪುಟದಲ್ಲಿ ಒಂದು ಇಸವಿ ತಿದ್ದಿದ್ದ, ಅಷ್ಟೇ. ಆದರೆ ಆ ಬಿಸಿಯಲ್ಲಿ ಯಾರೋ ಇವನ ಯೂಸರ್‌ನೇಮು, ಬೇರೆ ಕಡೆ ಹಾಕಿಕೊಂಡಿದ್ದ ಫೋಟೊ, ಕೆಲಸ ಮಾಡುವ ಕಂಪನಿಯ ಹೆಸರು ಮೂರನ್ನೂ ಜೋಡಿಸಿ ಹರಿಯಬಿಟ್ಟರು. 

"ಏನ್ ಮಾಡ್ಲಿ ಹೇಳ್ರಿ ಅಣ್ಣಾ" ಅಂದ. ನಿನ್ನ ಜೊತೆ ಬರೆಯೋರು ಏನಂದ್ರಪ್ಪ ಅಂತ ಕೇಳಿದೆ. "ನಾಕ್ ಮಂದಿ ಕೈಮುಗಿಯೋ ಎಮೋಜಿ ಹಾಕ್ಯಾರ್ರಿ. ಇಬ್ರು ಗ್ರೂಪ್ ಬಿಟ್ಟ ಹೋಗ್ಯಾರ."

ನನಗೆ ಆಗ ಉತ್ತರ ಹೊಳೆಯಲಿಲ್ಲ. ಆದರೆ ಎರಡು ದಿನ ಬಿಟ್ಟು ಒಂದು ವಿಷಯ ಹೊಳೆಯಿತು. ನಾವು ಬಾಡಿಗೆ ಕಟ್ಟಿಕೊಂಡು ಇರುವ ಇದೇ ಊರಲ್ಲಿ, ಹತ್ತೊಂಬತ್ತನೇ ಶತಮಾನದಲ್ಲಿ, ಸಂಬಳವಿಲ್ಲದೆ ಸಂಜೆ ಹೊತ್ತು ಸೇರಿ ಕೆಲಸ ಮಾಡುತ್ತಿದ್ದ ಬಳಗಗಳು ಎಷ್ಟಿದ್ದವು! ಅವರಿಗೂ ಇದೇ ಆಗಿತ್ತು. ಹೆಸರು ಬಯಲು ಮಾಡುವುದು, ಮನೆಯವರ ಮೇಲೆ ಒತ್ತಡ ತರುವುದು, ಬೀದಿಯಲ್ಲಿ ಅವಮಾನ, ಅಂಜಿ ಗುಂಪು ಬಿಡುವುದು, ಎಲ್ಲವೂ. ಬಳಗ ಏನು ಮಾಡಿತು ಅನ್ನೋದಕ್ಕೆ ದಾಖಲೆಯೂ ಇದೆ.

ಮೊದಲು ಎಲ್ಲರಿಗೂ ಗೊತ್ತಿರುವ ಕತೆ, ಬೇಗ ಹೇಳಿ ಮುಗಿಸುತ್ತೇನೆ. ದಗಡೂಶೇಟ್ ಗಣಪತಿಗೆ ಹೋದವರು ಎದುರುಗಡೆಯ ಭಿಡೆ ವಾಡಾ ಇದ್ದ ಜಾಗ ನೋಡಿರುತ್ತೀರಿ. ಹಳೇ ಕಟ್ಟಡವನ್ನು 2023ರ ಡಿಸೆಂಬರಲ್ಲಿ ಕೆಡವಿದ್ದಾರೆ, ಸ್ಮಾರಕ ಕಟ್ಟೋದಕ್ಕೆ ಅಂತ. ಅಲ್ಲಿ 1848ರಲ್ಲಿ ಜ್ಯೋತಿಬಾ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಪಾಠ ಹೇಳಲು ನಿಂತ ಸಾವಿತ್ರಿಬಾಯಿಗೆ ಆಗ ಹದಿನೇಳು ವರ್ಷ. ದಾರಿಯಲ್ಲಿ ಸಗಣಿ, ಕೆಸರು, ಕಲ್ಲು ಎಸೆಯುತ್ತಿದ್ದರು, ಅದಕ್ಕೆ ಅವರು ಇನ್ನೊಂದು ಸೀರೆ ಒಯ್ಯುತ್ತಿದ್ದರು ಅನ್ನೋದು ಶಾಲೆಯ ಮಕ್ಕಳಿಗೂ ಗೊತ್ತು. ಆ ಸೀರೆಯ ಕತೆಯನ್ನೇ ನಾವು ಮತ್ತೆ ಮತ್ತೆ ಹೇಳ್ತೀವಿ, ಯಾಕಂದ್ರೆ ಅದರಲ್ಲಿ ಒಬ್ಬ ವ್ಯಕ್ತಿಯ ಧೈರ್ಯ ಇದೆ. ನನಗೆ ಅದಕ್ಕಿಂತ ಹೆಚ್ಚು ಮುಖ್ಯ ಅನಿಸೋದು ಆಕೆಯ ಅಕ್ಕಪಕ್ಕ ಯಾರಿದ್ದರು ಎಂಬುದು. 1849ರಲ್ಲಿ ಜಾತಿಯವರ ಒತ್ತಡ ತಾಳಲಾರದೆ ಜ್ಯೋತಿಬಾ ಅವರ ತಂದೆಯೇ ಮಗ ಸೊಸೆಯನ್ನು ಮನೆಯಿಂದ ಹೊರಗೆ ಕಳಿಸಿದಾಗ ಗಂಜ್ ಪೇಟೆಯಲ್ಲಿ ಇರಲು ಜಾಗ ಕೊಟ್ಟವರು ಉಸ್ಮಾನ್ ಶೇಖ್. ಸದಾಶಿವ ಗೋವಂಡೆ, ಮೋರೋ ವಿಠ್ಠಲ ವಾಳವೇಕರ, ಸಖಾರಾಮ ಯಶವಂತ ಪರಾಂಜಪೆ, ಈ ಬ್ರಾಹ್ಮಣ ಗೆಳೆಯರು ಶಾಲೆಯ ಕೆಲಸಕ್ಕೆ ಹೆಸರು ಕೊಟ್ಟೇ ಬಂದವರು. 

1856ರ ಅಕ್ಟೋಬರಲ್ಲಿ ಸಾವಿತ್ರಿಬಾಯಿ ಕಾಯಿಲೆ ಬಿದ್ದು ತವರೂರು ನಾಯಗಾಂವಿಗೆ ಹೋಗಿದ್ದರು. ಅಲ್ಲಿಂದ ಗಂಡನಿಗೆ ಬರೆದ ಒಂದು ಪತ್ರ ಉಳಿದಿದೆ. ನಿಮ್ಮನ್ನು ಜಾತಿಯಿಂದ ಹೊರಗಿಟ್ಟಿದ್ದಾರೆ, ಈ ಉಸಾಬರಿ ಬಿಡಿ ಅಂತ ಅಣ್ಣ ಬುದ್ಧಿ ಹೇಳಿದ್ದು, ತಾನು ತಿರುಗಿ ಉತ್ತರ ಕೊಟ್ಟದ್ದು, ಎಲ್ಲ ಅದರಲ್ಲಿದೆ. ನಡುವೆ ಒಂದು ಸಾಲಿನಷ್ಟು ಮಾತು: ತಾನಿಲ್ಲದೆ ಫಾತಿಮಾಗೆ ಕಷ್ಟ ಆಗ್ತಿರಬಹುದು, ಆದರೂ ಅವಳು ಗೊಣಗುವವಳಲ್ಲ ಅಂತ. ಅಂದರೆ ಒಬ್ಬಾಕೆ ಮಲಗಿದಾಗ ಇನ್ನೊಬ್ಬಾಕೆ ಕೆಲಸ ನಡೆಸುತ್ತಿದ್ದಳು. ಕಲ್ಲು ಬೀಳುವ ಕೆಲಸಕ್ಕೆ ಬದಲಿ ಜನ ಇದ್ದರು.

ಈಗ ನಿಜವಾದ ವಿಷಯಕ್ಕೆ ಬರೋಣ, ಚಹಾದ ಕತೆಗೆ.

ಗುರುವಾರ ಪೇಟೆಯಲ್ಲಿ ಒಂದು ಚರ್ಚಿದೆ, ಹೋಲಿ ನೇಮ್ ಕೆಥೆಡ್ರಲ್. ಪಕ್ಕದಲ್ಲಿ ಎತ್ತರದ ಗಂಟೆಗೋಪುರ. ಆ ಜಾಗಕ್ಕೆ ಪಂಚ ಹೌದ್ ಅಂತ ಹೆಸರು. ನಮ್ಮ 'ಹೌದು' ಅಲ್ಲ, ನೀರಿನ ಹೌದು. ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. 1890ರ ಅಕ್ಟೋಬರಲ್ಲಿ ಅಲ್ಲಿನ ಮಿಷನ್ನಿನಲ್ಲಿ ಒಂದು ಉಪನ್ಯಾಸ. ಊರಿನ ದೊಡ್ಡ ಹೆಸರುಗಳೆಲ್ಲ ಬಂದಿದ್ದವು. ನ್ಯಾಯಮೂರ್ತಿ ರಾನಡೆ ಇದ್ದರು, ತಿಲಕರಿದ್ದರು. ಮಾತು ಮುಗಿದ ಮೇಲೆ ಚಹಾ, ಬಿಸ್ಕತ್ತು ಬಂತು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆ ಕಪ್ಪು ಕೈಗೆ ತಗೊಂಡು ಪಕ್ಕಕ್ಕಿಟ್ಟರು. 

ಸ್ವಲ್ಪ ದಿನಕ್ಕೆ 'ಪುಣೆ ವೈಭವ' ಪತ್ರಿಕೆಯಲ್ಲಿ ಅಲ್ಲಿದ್ದವರ ಪಟ್ಟಿ ಅಚ್ಚಾಯಿತು. ನಲವತ್ತಕ್ಕೂ ಹೆಚ್ಚು ಹೆಸರು. ಕ್ರೈಸ್ತರ ಮನೆಯಲ್ಲಿ ಚಹಾ ಕುಡಿದ ಬ್ರಾಹ್ಮಣರು ಇವರು, ನೋಡಿಕೊಳ್ಳಿ ಅಂತ. ಇವತ್ತು ನಾವು ಡಾಕ್ಸಿಂಗ್ ಅಂತ ಕರೆಯೋದು ಇದನ್ನೇ ಅಲ್ವಾ? ಗುಟ್ಟಿನ ಮಾಹಿತಿ ಏನೂ ಅದರಲ್ಲಿರಲಿಲ್ಲ, ಎಲ್ಲರೂ ಬಾಗಿಲು ತೆರೆದಿದ್ದ ಸಭೆಗೆ ಹೋದವರೇ. ಆದರೆ ಒಂದೊಂದು ಹೆಸರಿನ ಹಿಂದೆಯೂ ಒಬ್ಬ ಸೋದರಮಾವ, ಮದುವೆಗೆ ಬಂದ ಒಬ್ಬ ಮಗಳು, ವರ್ಷಾಬ್ದಿಕಕ್ಕೆ ಬರಬೇಕಾದ ಒಬ್ಬ ಪುರೋಹಿತ ಇರುತ್ತಾನೆ. ಪಟ್ಟಿಯ ಕೆಲಸ ಅವರನ್ನು ಎಬ್ಬಿಸುವುದು.

ಪಟ್ಟಿ ಕೊಟ್ಟವರು ಯಾರು ಗೊತ್ತಾ? ಉಪನ್ಯಾಸಕ್ಕೆ ಎಲ್ಲರನ್ನೂ ಕರೆದವರೇ. ಗೋಪಾಳರಾವ್ ಜೋಶಿ. ಅಮೆರಿಕದಲ್ಲಿ 1886ರಲ್ಲಿ ವೈದ್ಯಕೀಯ ಪದವಿ ಪಡೆದು, ಮರುವರ್ಷವೇ ಪುಣೆಯಲ್ಲಿ ತೀರಿಕೊಂಡ ಡಾಕ್ಟರ್ ಆನಂದಿಬಾಯಿ ಜೋಶಿಯವರ ಗಂಡ. ಹೆಂಡತಿಯನ್ನು ಓದಿಸಿದ್ದಕ್ಕೆ ತಾನೇ ಬೇಕಾದಷ್ಟು ಚುಚ್ಚುಮಾತು ಕೇಳಿದ ಮನುಷ್ಯ. ಈ ಸುಧಾರಕರೆಲ್ಲ ಬಾಯಿಮಾತಿನ ಶೂರರು, ಪರೀಕ್ಷೆ ಮಾಡೋಣ ಅಂತ ಮಾಡಿದ ಎನ್ನುತ್ತಾರೆ. ಕಿಡಿಗೇಡಿತನವೋ, ಕಹಿಯೋ, ಎರಡೂ ಸೇರಿತ್ತೋ. ನನಗೆ ಅವನ ಮೇಲೆ ಪೂರ್ತಿ ಸಿಟ್ಟೂ ಬರಲ್ಲ, ಅದೇ ತೊಂದರೆ. ಯಾವುದೇ ಬಳಗದಲ್ಲಿ ಒಂದು ಸಲ ಕಿರುಕುಳ ಅನುಭವಿಸಿದವನೇ ಮುಂದೊಂದು ದಿನ ಬೇರೆಯವರ ಹೆಸರು ಹೊರಗೆ ಹಾಕುವುದನ್ನು ನೀವೂ ನೋಡಿರಬಹುದು.

ಸಂಪ್ರದಾಯಸ್ಥರ ಮುಂದಾಳು ಸರದಾರ ನಾತು ಮತ್ತವರ ಕಡೆಯವರು ದೂರನ್ನು ಸಂಕೇಶ್ವರದ ಶಂಕರಾಚಾರ್ಯರ ಮಠಕ್ಕೆ ಒಯ್ದರು. ಹೌದು, ನಮ್ಮ ಸಂಕೇಶ್ವರವೇ. ಬೆಂಗಳೂರು ಬಸ್ಸು ನಿಪ್ಪಾಣಿ ದಾಟಿದ ಮೇಲೆ ನೀವು ಅರೆನಿದ್ದೆಯಲ್ಲಿ ಹಾದು ಹೋಗುವ ಊರು. ಮಠ ವಿಚಾರಣೆಗೆ ಶಾಸ್ತ್ರಿಗಳನ್ನು ನೇಮಿಸಿತು. ಮರಾಠಿಯಲ್ಲಿ ಇಂಥ ಜಾತಿ ವ್ಯಾಜ್ಯಕ್ಕೆ 'ಗ್ರಾಮಣ್ಯ' ಅಂತ ಹೆಸರು. ತೀರ್ಪಿನ ಸಾರ ಸರಳ: ಚಹಾ ಕುಡಿದವರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬಹಿಷ್ಕಾರ. ಬಹಿಷ್ಕಾರ ಅಂದ್ರೆ ಬರೀ ಮಾತು ಬಿಡೋದಲ್ಲ. ಮುಂಜಿಗೆ ಭಟ್ಟರು ಸಿಗಲ್ಲ, ಅಡುಗೆಯವರು ಬರಲ್ಲ, ಮಗಳಿಗೆ ಗಂಡು ಸಿಗಲ್ಲ.

ಈಗ ಬಳಗ ಏನು ಮಾಡಿತು ನೋಡಿ. ನಲವತ್ತು ಜನ ಒಂದು ಕಡೆ ಕೂತು, ನಾವೆಲ್ಲ ಕುಡಿದಿದ್ದೇವೆ, ಏನು ಮಾಡ್ತೀರಿ ಅಂತ ಒಟ್ಟಾಗಿ ಒಂದು ಮಾತು ಹೇಳಿದ್ದರೆ? ಪುಣೆಯ ಅರ್ಧ ಬುದ್ಧಿವಂತರು ಆ ಪಟ್ಟಿಯಲ್ಲೇ ಇದ್ದರು. ಹಾಗಾಗಲಿಲ್ಲ. ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಕೆಲವರು ಬೇಗ ಪ್ರಾಯಶ್ಚಿತ್ತ ಮಾಡಿ ಕೈತೊಳಕೊಂಡರು. ತಿಲಕರು ವಕೀಲಿ ಬುದ್ಧಿ ಓಡಿಸಿದರು. ನಾನು ಕಾಶಿಯಲ್ಲಿ ಆಗಲೇ ಪ್ರಾಯಶ್ಚಿತ್ತ ಮಾಡಿಸಿಕೊಂಡಿದ್ದೇನೆ ಅಂದುಬಿಟ್ಟರು. ಅಷ್ಟಾದರೂ ಅವರ ಮನೆಯ ಶುಭಕಾರ್ಯಕ್ಕೆ ಜನ ಸಿಗುವುದು ಕಷ್ಟವೇ ಆಯಿತು.

ರಾನಡೆಯವರ ವಿಷಯ ಬೇರೆ. ಸುಮಾರು ಒಂದೂವರೆ ವರ್ಷ ಅವರು ಜಗ್ಗಲಿಲ್ಲ. 1892ರಲ್ಲಿ ಬಗ್ಗಿದರು. ಅವರ ಹೆಂಡತಿ ರಮಾಬಾಯಿ ರಾನಡೆ 1910ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಈ ಪ್ರಸಂಗ ಬರೆದಿದ್ದಾರೆ. ಬೇಸಿಗೆಗೆ ಲೋಣಾವಳದಲ್ಲಿದ್ದರು. ಪಟ್ಟಿಯಲ್ಲಿದ್ದ ಗೆಳೆಯರಿಗೆ ಮನೆಗಳಲ್ಲಿ ಬದುಕು ದುಸ್ತರವಾಗಿತ್ತು. ನೀವು ಮಾಡಿಕೊಂಡರೆ ನಮಗೂ ದಾರಿಯಾಗುತ್ತದೆ, ನೀವು ಮಾಡದೆ ನಾವು ಮಾಡಿದರೆ ಹೇಡಿಗಳಾಗುತ್ತೇವೆ ಎಂಬ ಸಂಕಟ ಅವರದು. ರಾನಡೆ ಪುಣೆಗೆ ಬಂದು ಅವರ ಜೊತೆ ಕೂತು ಪ್ರಾಯಶ್ಚಿತ್ತ ಮಾಡಿಕೊಂಡರು. ತಮಗೆ ಬೇಕಾಗಿ ಅಲ್ಲ, ಗೆಳೆಯರಿಗಾಗಿ.

ಇದನ್ನು ಕರುಣೆ ಅನ್ನೋದಾ, ಸೋಲು ಅನ್ನೋದಾ? ನಾನು ಇಪ್ಪತ್ತೈದರ ವಯಸ್ಸಲ್ಲಿ ಓದಿದಾಗ ಸೋಲು ಅಂತಲೇ ಅನಿಸಿತ್ತು. ಆಗಿನ ಕಡು ಸುಧಾರಕರೂ ಹಾಗೇ ಬೈದರು. ರಾನಡೆಯವರ ಹಳೇ ಲೆಕ್ಕವೂ ಅವರ ನೆನಪಲ್ಲಿತ್ತು. ವಿಧವಾ ವಿವಾಹದ ಪರ ಮಾತಾಡುತ್ತಿದ್ದ ಮನುಷ್ಯ 1873ರಲ್ಲಿ ಮೊದಲ ಹೆಂಡತಿ ತೀರಿಕೊಂಡಾಗ ತಂದೆಯ ಮಾತಿಗೆ ಕಟ್ಟುಬಿದ್ದು ಹನ್ನೊಂದು ವರ್ಷದ ಹುಡುಗಿಯನ್ನು ಮದುವೆಯಾಗಿದ್ದರಲ್ಲ. ಈಗ ನನಗೆ ಅಷ್ಟು ಸುಲಭವಾಗಿ ಸೋಲು ಅನ್ನೋಕೆ ಆಗಲ್ಲ. ಸಂಕಟದಲ್ಲಿದ್ದ ಗೆಳೆಯರನ್ನು ಅವರು ಒಂಟಿ ಬಿಡಲಿಲ್ಲ. ಆದರೆ ಜೊತೆಗೆ ನಿಂತದ್ದು ಬಗ್ಗುವ ಹೊತ್ತಿನಲ್ಲಿ. ಎದ್ದು ನಿಲ್ಲುವ ಹೊತ್ತಿನಲ್ಲಿ ಯಾರನ್ನೂ ಒಟ್ಟು ಸೇರಿಸಿರಲಿಲ್ಲ. ಪಟ್ಟಿ ಅಚ್ಚಾದ ಮೊದಲ ವಾರ ಏನೂ ಮಾಡದ ಬಳಗಕ್ಕೆ ಒಂದೂವರೆ ವರ್ಷದ ಮೇಲೆ ಉಳಿಯುವುದು ಅದೊಂದೇ ದಾರಿ ಅನಿಸುತ್ತೆ.

ಬಗ್ಗದವರೂ ಇದ್ದರು ಆ ಊರಲ್ಲಿ. 'ಸುಧಾರಕ' ಪತ್ರಿಕೆಯ ಗೋಪಾಳ ಗಣೇಶ ಆಗರಕರ. ಬದುಕಿದ್ದಾಗಲೇ ಅವರ ಪ್ರತಿಕೃತಿಯ ಶವಯಾತ್ರೆ ಮಾಡಿದರು ಪುಣೆಯ ಜನ. 1895ರಲ್ಲಿ, ನಲವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ತನ್ನ ಅಂತ್ಯಸಂಸ್ಕಾರಕ್ಕೆ ಬೇಕಾದ ಹಣವನ್ನು ಮೊದಲೇ ಕಟ್ಟಿ ಇಟ್ಟಿದ್ದರಂತೆ. ಧೀರತನದ ಮಾತಾಗಿ ಇದನ್ನು ಹೇಳುತ್ತಾರೆ. ಆದರೆ ಹೆಗಲು ಕೊಡೋಕೆ ಎಷ್ಟು ಜನ ಬರ್ತಾರೋ ಅನ್ನೋ ಅನುಮಾನ ಇದ್ದವನೇ ಅಲ್ವಾ ಹೀಗೆ ಮಾಡೋದು?

ಇನ್ನೊಂದು ಪ್ರಕರಣ ನಮ್ಮ ನೆಲದ ಹೆಣ್ಣುಮಗಳದು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಪಂಡಿತರ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಮಗಳು ವಿಧವೆಯರಿಗೆ ಶಾರದಾ ಸದನ ಎಂಬ ಶಾಲೆ ತೆರೆದಳು. ಮುಂಬೈಯಲ್ಲಿ ಶುರುವಾದದ್ದು 1890ರ ಕೊನೆಗೆ ಪುಣೆಗೆ ಬಂತು. ಅಂದರೆ ಚಹಾದ ಗಲಾಟೆ ಕಾವೇರುತ್ತಿದ್ದಾಗ. ಆಕೆ ಕ್ರೈಸ್ತಳಾಗಿದ್ದಳು, ಶಾಲೆಯಲ್ಲಿ ಮತ ಬೋಧನೆ ಇಲ್ಲ ಅಂತ ಮಾತು ಕೊಟ್ಟಿದ್ದಳು. ಆದರೆ ಆಕೆ ತನ್ನ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಹುಡುಗಿಯರು ಬಂದು ಕೂರುತ್ತಿದ್ದರು. 'ಕೇಸರಿ' ಪತ್ರಿಕೆ ತಿಂಗಳುಗಟ್ಟಲೆ ಬೆನ್ನು ಹತ್ತಿತು. ಕೊನೆಗೆ 1893ರ ಆಗಸ್ಟಲ್ಲಿ ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಾಂಡಾರಕರರು ಹೊರಬಂದರು, ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು.

ಸಮಿತಿಯವರದು ತಪ್ಪೇ ಅಂತ ನಾನು ಹೇಳಲ್ಲ. ಅವರ ಆಕ್ಷೇಪಕ್ಕೆ ಆಧಾರ ಇತ್ತು, ಪ್ರಾರ್ಥನೆಯ ಬಾಗಿಲು ತೆರೆದಿದ್ದು ನಿಜ. ನಿಯಮ ಮುರಿದ ಪ್ರಶ್ನೆ ಒಂದು, ಬೀದಿಯ ಬೊಬ್ಬೆ ಇನ್ನೊಂದು. ಎರಡೂ ಒಟ್ಟಿಗೆ ಬಂದಾಗ ಬಳಗಕ್ಕೆ ಬೇರ್ಪಡಿಸಿ ನೋಡುವ ವ್ಯವಧಾನ ಇರಲಿಲ್ಲ. ನಮ್ಮ ಕಾಲದಲ್ಲೂ ಇದು ಕಂಡಿದೆ. 2019ರಲ್ಲಿ ಇಂಗ್ಲಿಷ್ ವಿಕಿಪೀಡಿಯಾದ ಒಬ್ಬ ನಿರ್ವಾಹಕನನ್ನು ಕಿರುಕುಳದ ದೂರಿನ ಮೇಲೆ ವಿಕಿಮೀಡಿಯಾ ಫೌಂಡೇಶನ್ ನೇರವಾಗಿ ಒಂದು ವರ್ಷ ಹೊರಹಾಕಿತು. ಸ್ವಯಂಸೇವಕರು ಸಿಡಿದೆದ್ದರು. ಇಪ್ಪತ್ತು ಜನಕ್ಕೂ ಹೆಚ್ಚು ನಿರ್ವಾಹಕರು ಜವಾಬ್ದಾರಿ ಬಿಟ್ಟರು. ನಮ್ಮನ್ನು ಕೇಳದೆ, ಸಾಕ್ಷ್ಯ ತೋರಿಸದೆ ಮಾಡಿದಿರಿ ಅನ್ನೋದು ಅವರ ದೂರು, ಅದರಲ್ಲಿ ನ್ಯಾಯವೂ ಇತ್ತು. ಆದರೆ ಆ ಗಲಾಟೆಯಲ್ಲಿ ದೂರು ಕೊಟ್ಟವರ ಪಾಡು ಏನಾಗಿರಬೇಕು ಯೋಚಿಸಿ. ಬಳಗ ಕಾರ್ಯವಿಧಾನದ ಪರ ಎದ್ದು ನಿಂತಾಗ, ನೊಂದವರಿಗೆ ಅದು ತಮ್ಮ ವಿರುದ್ಧ ಎದ್ದ ಗುಂಪಿನಂತೆಯೇ ಕಾಣುತ್ತೆ.

ಇನ್ನು ಕರ್ವೆ. ಕರ್ವೆ ರೋಡಲ್ಲಿ ದಿನಾ ಟ್ರಾಫಿಕ್ಕಲ್ಲಿ ನಿಲ್ತೀರಲ್ಲ, ಗಣೇಶನಗರದ ಕನ್ನಡ ಸಂಘಕ್ಕೆ ಹೋಗ್ತೀರಲ್ಲ, ಅದೇ ಕರ್ವೆ. ಧೋಂಡೊ ಕೇಶವ ಕರ್ವೆ, ಫರ್ಗ್ಯುಸನ್ ಕಾಲೇಜಲ್ಲಿ ಗಣಿತದ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ, 1893ರ ಮಾರ್ಚ್ 11ರಂದು ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. ಆಕೆ ರಮಾಬಾಯಿಯ ಶಾರದಾ ಸದನದಲ್ಲಿ ಓದಿದವಳು. ಕೊಂಕಣದ ಊರು ಮುರುಡಕ್ಕೆ ಹೋದರೆ ಊರ ಸಭೆ ಸೇರಿ ಬಹಿಷ್ಕಾರ ಹಾಕಿತು. ಮನೆಯವರು ಇವರನ್ನು ಸೇರಿಸಿಕೊಂಡರೆ ಅವರಿಗೂ ಅದೇ ಗತಿ. ತಾಯಿ ಇದ್ದ ಊರದು.

ಗಣಿತದ ಮೇಷ್ಟ್ರು ಅನ್ನೋದು ಆಮೇಲೆ ಗೊತ್ತಾಗುತ್ತೆ. ಅದೇ ವರ್ಷದ ಡಿಸೆಂಬರ್ 31ಕ್ಕೆ ವರ್ಧಾದಲ್ಲಿ ವಿಧವಾ ವಿವಾಹದ ಒಂದು ಮಂಡಳಿ ಕಟ್ಟಿದರು. ಆಗಿನ ಪುಣೆಯಲ್ಲಿ ಸಂಘಗಳಿಗೇನೂ ಬರ ಇರಲಿಲ್ಲ. ವರ್ಗಣಿ ಕೊಡಿ, ಹೆಸರು ಬರೆಸಿ, ಭಾಷಣಕ್ಕೆ ಬಂದು ಚಪ್ಪಾಳೆ ತಟ್ಟಿ. ಕರ್ವೆ ಮಂಡಳಿಯಲ್ಲಿ ಸದಸ್ಯತ್ವಕ್ಕೆ ಒಂದು ಗೆರೆ ಎಳೆದರು. ಪುನರ್ವಿವಾಹವಾದ ದಂಪತಿಗಳ ಜೊತೆ ಬಹಿರಂಗವಾಗಿ ಪಂಕ್ತಿಯಲ್ಲಿ ಕೂತು ಊಟ ಮಾಡಲು ಸಿದ್ಧರಿರುವವರು ಸದಸ್ಯರು. ಮನಸ್ಸಿದೆ, ಆದರೆ ಊಟಕ್ಕೆ ಕೂರಲಾರೆ ಅನ್ನುವವರು ಹಿತೈಷಿಗಳು, ಅಷ್ಟೇ. ಹಿತೈಷಿಗಳನ್ನು ಅವಮಾನ ಮಾಡಲಿಲ್ಲ. ಸದಸ್ಯರು ಅಂತ ಲೆಕ್ಕಕ್ಕೂ ಹಿಡಿಯಲಿಲ್ಲ.

ಇದರ ಒಳಗಿನ ಲೆಕ್ಕ ನೋಡಿ. ಊಟಕ್ಕೆ ಕೂತವನಿಗೂ ಬಹಿಷ್ಕಾರ ಬೀಳುತ್ತಿತ್ತು. ಅಂದರೆ ಸದಸ್ಯನಾಗುವ ಕ್ಷಣದಲ್ಲೇ ಆ ದಂಪತಿಗಳ ಮೇಲಿನ ಕಲ್ಲಿನಲ್ಲಿ ಒಂದು ಪಾಲು ನಿಮ್ಮ ಮೇಲೂ ಬಿತ್ತು. ಚಹಾದ ಪಟ್ಟಿಯಲ್ಲಿ ನಲವತ್ತು ಜನರ ಹೆಸರನ್ನು ಬೇರೆಯವರು ಬರೆದಿದ್ದರು. ಇಲ್ಲಿ ಜನ ತಾವೇ ಬಂದು ಬರೆಸಿದರು. ತಾವೇ ಬರೆಸಿದ ಹೆಸರನ್ನು ಪತ್ರಿಕೆಯವರು ಅಚ್ಚು ಹಾಕಿ ಹೆದರಿಸೋದು ಹೇಗೆ?

ಇನ್ನೊಂದು ಕೆಲಸ ಮಾಡಿದರು. ಪುನರ್ವಿವಾಹವಾದ ಕುಟುಂಬಗಳು ಅಲ್ಲೊಂದು ಇಲ್ಲೊಂದು ಚೆದುರಿದ್ದವು. ಅವರ ಮಕ್ಕಳಿಗೆ ಆಡಲು ಜೊತೆಯಿಲ್ಲ, ಹಬ್ಬಕ್ಕೆ ಕರೆಯುವವರಿಲ್ಲ. ಈ ಕುಟುಂಬಗಳನ್ನು ಆಗಾಗ ಒಂದೆಡೆ ಸೇರಿಸುವ ಏರ್ಪಾಡು ಮಾಡಿದರು, ಮಕ್ಕಳು ಪುಣೆಯಲ್ಲಿ ಒಟ್ಟಿಗಿದ್ದು ಓದಲು ವ್ಯವಸ್ಥೆ ಮಾಡಿದರು. ಬಹಿಷ್ಕಾರದ ಹಲ್ಲು ಇರೋದು ಒಂಟಿತನದಲ್ಲಿ ಅಂತ ಮುರುಡದಲ್ಲಿ ತಿಳಿದುಕೊಂಡ ಮನುಷ್ಯ.

ಹಾಗಂತ ಕರ್ವೆಯವರನ್ನು ದೇವರು ಮಾಡಬೇಡಿ. 1896ರಲ್ಲಿ ವಿಧವೆಯರಿಗೆ ಆಶ್ರಮ ಶುರು ಮಾಡಿದಾಗ, ಇಲ್ಲಿ ಕಳಿಸಿದರೆ ಮದುವೆ ಮಾಡಿಬಿಡ್ತಾರೆ ಅಂತ ತಂದೆತಾಯಿ ಹೆದರಿದರು. ಆ ಹೆದರಿಕೆ ಕಳೆಯಲು ಅವರು ತಾವೇ ಕಟ್ಟಿದ ವಿವಾಹ ಮಂಡಳಿಯ ಕಾರ್ಯದರ್ಶಿ ಸ್ಥಾನ ಬಿಟ್ಟರು. ಸುಧಾರಕ ಗೆಳೆಯರು ಗೊಣಗಿದರು, ನ್ಯಾಯವೇ. 1900ರಲ್ಲಿ ಆಶ್ರಮ ಊರಾಚೆಯ ಹಿಂಗಣೆಯಲ್ಲಿ ಒಂದು ಗುಡಿಸಲಿಗೆ ಹೋಯಿತು. ಅದೇ ಇವತ್ತಿನ ಕರ್ವೆನಗರ, ಎರಡು ಕೋಣೆ ಬಾಡಿಗೆಗೆ ಹಿಡಿದು ನಮ್ಮ ಹುಡುಗರು ಇರೋ ಜಾಗ.

ವಿಕಿಪೀಡಿಯಾಕ್ಕೆ ವಾಪಸ್ ಬರೋಣ. 2024ರ ಜುಲೈಯಲ್ಲಿ ಎಎನ್‌ಐ ಸುದ್ದಿಸಂಸ್ಥೆ ದೆಹಲಿ ಹೈಕೋರ್ಟಲ್ಲಿ ಫೌಂಡೇಶನ್ ಮೇಲೆ ಎರಡು ಕೋಟಿ ರೂಪಾಯಿಯ ಮಾನನಷ್ಟ ದಾವೆ ಹೂಡಿತು. ಪುಟ ತಿದ್ದಿದ ಮೂವರು ಸ್ವಯಂಸೇವಕರ ಗುರುತು ಕೊಡಬೇಕೆಂಬ ಆದೇಶ ಬಂತು. ಆಮೇಲೆ, ಸಮನ್ಸನ್ನು ಫೌಂಡೇಶನ್ನೇ ಆ ಮೂವರಿಗೆ ತಲುಪಿಸಬೇಕು, ವಿವರ ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಎಂಬ ಏರ್ಪಾಡಾಯಿತು. ಆಗ ಗುರುತು ಬಿಟ್ಟುಕೊಡಬೇಡಿ ಅಂತ ನೂರಾರು ಸಂಪಾದಕರು ಫೌಂಡೇಶನ್ನಿಗೆ ಬಹಿರಂಗ ಪತ್ರ ಬರೆದು ತಮ್ಮ ಖಾತೆಯ ಹೆಸರಲ್ಲಿ ಸಹಿ ಹಾಕಿದರು. ಮಾನನಷ್ಟದ ಪ್ರಶ್ನೆಯಲ್ಲಿ ಯಾರು ಸರಿ ಅನ್ನೋದು ಕೋರ್ಟಿನ ಕೆಲಸ. ನಾನು ನೋಡಿದ್ದು ಸಹಿಗಳನ್ನು. ಸಹಿ ಹಾಕಿದ ಬಹಳ ಜನ ಬೇರೆ ದೇಶದವರು, ಅವರಿಗೆ ಇಲ್ಲಿಯ ಸಮನ್ಸ್ ಬರೋದಿಲ್ಲ. ಕರ್ವೆಯವರ ಲೆಕ್ಕದಲ್ಲಿ ಅವರು ಹಿತೈಷಿಗಳು. ಭಾರತದೊಳಗೆ ಕೂತು ಸಹಿ ಹಾಕಿದವರು ಪಂಕ್ತಿಯಲ್ಲಿ ಊಟಕ್ಕೆ ಕೂತವರು.

ಗದಗಿನ ಹುಡುಗನಿಗೆ ನಾನು ಇದೆಲ್ಲ ಹೇಳಿದೆ, ಕರ್ವೆನಗರದ ಒಂದು ಚಹಾದ ಅಂಗಡಿಯಲ್ಲೇ ಕೂತು. ಅವನು ಪೂರ್ತಿ ಕೇಳಿಸಿಕೊಂಡ. "ಅಣ್ಣಾ, ಆ ಪಟ್ಟಿಯೊಳಗ ಕಪ್ಪು ಬರೇ ಕೈಯಾಗ ಹಿಡದವರಿಗೂ ಶಿಕ್ಷಾ ಆತೇನ್ರಿ?" ಅಂತ ಕೇಳಿದ. ಪಟ್ಟಿ ಮಾಡೋನು ಕಪ್ಪಿನ ಒಳಗೆ ಇಣುಕಿ ನೋಡಲ್ಲಪ್ಪಾ ಅಂದೆ. 

ಅವನ ಬಳಗದಲ್ಲಿ ಎಮೋಜಿ ಹಾಕಿದ ನಾಲ್ವರಲ್ಲಿ ಒಬ್ಬರು, ಧಾರವಾಡದ ನಿವೃತ್ತ ಮೇಡಂ, ಆ ವಾರ ಅವನ ಜೊತೆ ಕೂತು ಹಳೆಯ ಫೋಟೊ, ವಿವರ ಎಲ್ಲಿ ಸಿಕ್ಕಿದರೂ ಒಂದೊಂದಾಗಿ ತೆಗೆಸಲು ನೆರವಾದರಂತೆ. ಆಮೇಲೆ ಅವನು ತಿದ್ದುತ್ತಿದ್ದ ಕೋಟೆಯ ಪುಟವನ್ನು ತಮ್ಮ ಸ್ವಂತ ಹೆಸರಿನ ಖಾತೆಯಿಂದ ಅವರೇ ನೋಡಿಕೊಳ್ಳುತ್ತಿದ್ದಾರೆ. ಅವನು ಮೂರು ತಿಂಗಳು ಬಿಟ್ಟು ವಾಪಸ್ ಬಂದ. ಈಗ ಮಾಗಡಿ ಕೆರೆಗೆ ಬರುವ ಹಕ್ಕಿಗಳ ಬಗ್ಗೆ ಬರೀತಿದ್ದಾನೆ. ಇತಿಹಾಸದ ಪುಟಗಳನ್ನು ಇನ್ನೂ ಮುಟ್ಟಿಲ್ಲ.